ಚಳಿಗಾಲದಲ್ಲಿ ದೀಪ ಉರಿಯುವ ಮನೆ

ಒಂದು ವಾರದ ಮಟ್ಟಿಗೆ ಬಾಡಿಗೆಯ ಮನೆಯೊಂದನ್ನು ಗೊತ್ತುಮಾಡಿಕೊಳ್ಳುವುದರಲ್ಲಿ ಒಂದು ಜನತೆಯ ಚರಿತ್ರೆಯೂ ಒಂದು ಭಾಷೆಯ ಅಳಿವು ಉಳಿವೂ ಅಡಗಿರುತ್ತವೆಂದು ಯಾರಾದರೂ ಹೇಳಿದ್ದರೆ, ಒಂದೆರಡು ವರ್ಷಗಳ ಹಿಂದೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಪ್ರವಾಸ ಹೊರಟವನಿಗೆ ಬೇಕಾದುದು ಮೂರೇ: ತಲೆಯ ಮೇಲೊಂದು ಸೂರು, ಸ್ನಾನಕ್ಕೆ ಬಿಸಿನೀರು, ಕೈಗೆಟುಕುವ ಬಾಡಿಗೆ. ಹೋದ ಬೇಸಗೆಯಲ್ಲಿ ನಾವು ದಂಪತಿಗಳು ಗ್ಲಾಸ್ಗೋ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿಂದ ಸ್ಕೈ ದ್ವೀಪವನ್ನು ನೋಡಿಬರಬೇಕೆಂಬ ಆಸೆ ಹುಟ್ಟಿತು. ಆ ಆಸೆಯನ್ನು ಕೈಗೂಡಿಸಿಕೊಳ್ಳುವ ಯತ್ನದಲ್ಲಿ ತಿಳಿದುಬಂದ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಸ್ಕೈ, ಸ್ಕಾಟ್ಲೆಂಡಿನ ಪಶ್ಚಿಮೋತ್ತರ ಕರಾವಳಿಗೆ ಅಂಟಿಕೊಂಡಂತಿರುವ ದ್ವೀಪ. ವಿಸ್ತಾರ ಸುಮಾರು 640 ಚದರ ಮೈಲಿ. ಕಡಲು ಎಲ್ಲ ಕಡೆಗಳಿಂದಲೂ ಒಳನುಗ್ಗಿ ನೆಲವನ್ನು ಬೆರಳು ಬೆರಳಾಗಿ ಸೀಳಿದೆ. ದಕ್ಷಿಣ ಭಾಗದಲ್ಲಿ ಕೂಲಿನ್ ಎಂಬ ಕಪ್ಪು ಬಂಡೆಯ ಪರ್ವತಶ್ರೇಣಿ; ಅದರ ಅತ್ಯುನ್ನತ ಶಿಖರ 992 ಮೀಟರ್. ಎತ್ತರ ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಕಡಲಿನ ಮಟ್ಟದಿಂದ ನೇರವಾಗಿ ಎದ್ದು ನಿಂತಿರುವುದರಿಂದ ಅದರ ಉಗ್ರತೆ ಬೇರೆಯೇ ಬಗೆಯದು. ಮರಗಳು ವಿರಳ, ಮಳೆ ಧಾರಾಳ, ಗಾಳಿಗೆ ಬಿಡುವೆಂಬುದೇ ಇಲ್ಲ. 1995ರಲ್ಲಿ ದ್ವೀಪವನ್ನು ಮುಖ್ಯ ಭೂಮಿಗೆ ಸೇರಿಸುವ ಸೇತುವೆಯಾಯಿತು. ಜನರ ದೀರ್ಘ ಪ್ರತಿಭಟನೆಯ ತರುವಾಯ 2004ರಲ್ಲಿ ಅದರ ಸುಂಕವೂ ರದ್ದಾಯಿತು. ದ್ವೀಪದ ಜನಸಂಖ್ಯೆ ಸುಮಾರು ಹತ್ತು ಸಾವಿರ. 2019ರಲ್ಲಿ ಅದನ್ನು ನೋಡಲು ಬಂದವರು ಆರು ಲಕ್ಷಕ್ಕೂ ಮಿಕ್ಕಿದ್ದರೆಂದು ಅಂದಾಜು.

ಆ ಲಕ್ಷಗಳಲ್ಲಿ ನಾವೂ ಐವರಾಗಬೇಕೆಂದು ಮಗಳು ಒಂದು ಸಂಜೆ ಕಂಪ್ಯೂಟರಿನ ಮುಂದೆ ಕುಳಿತಳು. ಪರದೆಯ ಮೇಲೆ ಮನೆಗಳು ಒಂದಾದಮೇಲೊಂದು ಬಂದವು. ಕಡಲಿಗೆ ಮುಖಮಾಡಿದ ಆಳೆತ್ತರದ ಗಾಜಿನ ಗೋಡೆ, ಸುಣ್ಣ ಬಳಿದ ಹಳೆಯ ಕಲ್ಲುಗೋಡೆ, ಒಳಗೆ ಹೊಚ್ಚಹೊಸ ಪೀಠೋಪಕರಣ. ಒಂದು ಮನೆ ನಮಗೆಲ್ಲರಿಗೂ ಬಹಳ ಹಿಡಿಸಿತು. ಮಾಲೀಕರು ಅಲ್ಲಿರುವುದಿಲ್ಲ, ಬಾಗಿಲ ಪಕ್ಕದ ಗೋಡೆಗೆ ಒಂದು ಸಣ್ಣ ಪೆಟ್ಟಿಗೆಯಿದೆ, ಗುಟ್ಟಿನ ಅಂಕಿಗಳನ್ನು ತಿರುಗಿಸಿದರೆ ಬೀಗದ ಕೈ ಸಿಗುತ್ತದೆ. ಇದಕ್ಕಿಂತ ಕಡಿಮೆ ಬಾಡಿಗೆಗೆ, ಸಂಸಾರವೊಂದು ವಾಸವಾಗಿರುವ ಮನೆಯಲ್ಲಿ ಎರಡು ಕೋಣೆಗಳೂ ಬೆಳಗಿನ ಉಪಾಹಾರವೂ ದೊರೆಯುವಂತಿದ್ದವು. ನನಗೆ ಅದು ಸಾಕೆನಿಸಿತು.

“ನಿಮಗೇನು, ರೊಟ್ಟಿ ಬೆಣ್ಣೆ ತಿಂದುಕೊಂಡು ಇದ್ದುಬಿಡುತ್ತೀರಿ. ಒಂದು ವಾರ ಮಗುವಿಗೆ ಅನ್ನ ಸಾರು ಎಲ್ಲಿಂದ ತರಲಿ?” ಎಂದಳು ನನ್ನಾಕೆ. “ನಮಗೆ ಒಲೆ ಇರುವ ಮನೆಯೇ ಆಗಬೇಕು.”

ಮಾತು ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಅದೇ ರಾತ್ರಿ, ದಾರಿ ಹವಾಮಾನಗಳ ವಿಚಾರವನ್ನು ತಿಳಿಯಲೆಂದು ಆ ಪ್ರದೇಶದ ವರ್ತಮಾನಗಳನ್ನು ಓದುತ್ತಿದ್ದಾಗ ಒಂದು ಚಿಕ್ಕ ಪ್ರಕಟಣೆ ಕಣ್ಣಿಗೆ ಬಿತ್ತು. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗು. ಇಬ್ಬರಿಗೂ ದ್ವೀಪದಲ್ಲೇ ಉದ್ಯೋಗ. ಈಗಿರುವ ಮನೆಯನ್ನು ಬೇಸಗೆಯ ಮೊದಲು ಬಿಡಬೇಕಾಗಿದೆ. ದ್ವೀಪದ ಯಾವ ಮೂಲೆಯಲ್ಲಾದರೂ ಸರಿ, ಬಾಡಿಗೆಗೆ ಒಂದು ಮನೆ ಬೇಕು. ನಮ್ಮಂಥವರಿಗೆ ಒಂದು ಸಂಜೆಯಲ್ಲಿ ನೂರಾರು ಮನೆಗಳು ಬಾಗಿಲು ತೆರೆದು ನಿಂತಿದ್ದವು. ಅಲ್ಲಿಯೇ ದುಡಿಯುವ ಆ ಮೂವರಿಗೆ ಒಂದೂ ಇರಲಿಲ್ಲ. ಈ ವೈಪರೀತ್ಯಕ್ಕೆ ಕಾರಣವೇನೆಂಬ ಪ್ರಶ್ನೆ ನನ್ನನ್ನು ಹಿಂದಿನ ಚರಿತ್ರೆಗೆ ಕರೆದೊಯ್ದಿತು.

1841ರಲ್ಲಿ ಸ್ಕೈ ದ್ವೀಪದ ಜನಸಂಖ್ಯೆ ಸುಮಾರು 23,000. ಮುಂದೆ ಅದು ಇಳಿಯುತ್ತ ಹೋದುದಕ್ಕೆ ಬರಗಾಲವೊಂದೇ ಕಾರಣವಲ್ಲ. ಕುರಿಸಾಕಣೆಯಿಂದ ಹೆಚ್ಚು ಲಾಭವೆಂದು ಕಂಡ ಜಮೀನುದಾರರು ಹಳ್ಳಿ ಹಳ್ಳಿಗಳನ್ನೇ ಒಕ್ಕಲೆಬ್ಬಿಸಿದರು. ಜನ ಹಡಗು ಹತ್ತಿ ಕೆನಡಾಕ್ಕೂ ಆಸ್ಟ್ರೇಲಿಯಾಕ್ಕೂ ಹೋದರು. ಉಳಿದವರು ಕಡಲಂಚಿನ ಬಡ ನೆಲದ ತುಂಡುಗಳಲ್ಲಿ ಗೇಣಿಗೆ ಬೇಸಾಯ ಮಾಡಿದರು. ಈ ಸಣ್ಣ ಹಿಡುವಳಿಗೆ ಅಲ್ಲಿ ಕ್ರಾಫ್ಟ್ ಎಂದೂ ಗೇಣಿದಾರನಿಗೆ ಕ್ರಾಫ್ಟರ್ ಎಂದೂ ಹೆಸರು. 1882ರ ಏಪ್ರಿಲ್‌ನಲ್ಲಿ, ಪೋರ್ಟ್ರೀ ಪಟ್ಟಣಕ್ಕೆ ಸಮೀಪದ ಬ್ರೇಸ್ ಎಂಬಲ್ಲಿ ಈ ಜನ ತಿರುಗಿಬಿದ್ದರು. ತಮ್ಮಿಂದ ಕಿತ್ತುಕೊಂಡ ಗೋಮಾಳವನ್ನು ಹಿಂದಿರುಗಿಸುವವರೆಗೆ ಗೇಣಿ ಕೊಡೆವೆಂದು ಹಟ ಹಿಡಿದು, ಅಮೀನನು ತಂದ ನೋಟೀಸುಗಳನ್ನು ಸುಟ್ಟುಹಾಕಿದರು. ಅವರನ್ನು ಹಿಡಿಯಲು ಗ್ಲಾಸ್ಗೋದಿಂದ ಐವತ್ತು ಮಂದಿ ಪೋಲೀಸರು ಬಂದಾಗ, ಕಲ್ಲು ಹಿಡಿದು ಎದುರಾದವರಲ್ಲಿ ಹೆಂಗಸರೇ ಮುಂದಾಳುಗಳು. ಮರುವರ್ಷ ಸರ್ಕಾರ ವಿಚಾರಣೆಗಾಗಿ ನೇಪಿಯರ್ ಆಯೋಗವನ್ನು ನೇಮಿಸಿತು. 1886ರಲ್ಲಿ ಬಂದ ಶಾಸನವು ಕ್ರಾಫ್ಟರನಿಗೆ ಹಿಡುವಳಿಯ ಭದ್ರತೆಯನ್ನೂ ನ್ಯಾಯವಾದ ಗೇಣಿಯನ್ನೂ ಮಕ್ಕಳಿಗೆ ಅದನ್ನು ಬಿಟ್ಟುಹೋಗುವ ಹಕ್ಕನ್ನೂ ಕೊಟ್ಟಿತು.

ಅಂದು ಭದ್ರವಾದ ಮನೆ ಇಂದು ಹೇಗೆ ಕೈಬಿಟ್ಟುಹೋಗುತ್ತಿದೆ? ಈಗ ಒಕ್ಕಲೆಬ್ಬಿಸುವ ಪೋಲೀಸನಿಲ್ಲ, ಬೆಲೆ ಇದೆ. 1976ರ ಶಾಸನವು ಕ್ರಾಫ್ಟರುಗಳಿಗೆ ತಮ್ಮ ಮನೆಯ ನಿವೇಶನವನ್ನೂ ಹಿಡುವಳಿಯನ್ನೂ ಕೊಂಡುಕೊಳ್ಳುವ ಹಕ್ಕನ್ನು ನೀಡಿತು. ಶತಮಾನಗಳ ಪರಾಧೀನತೆಯನ್ನು ಕಂಡವರಿಗೆ ಇದು ನ್ಯಾಯವೇ ಸರಿ. ಆದರೆ ಕೊಂಡುಕೊಂಡ ನಿವೇಶನವನ್ನು ಕ್ರಾಫ್ಟಿನ ಕಟ್ಟುಪಾಡಿನಿಂದ ಬಿಡಿಸಿಕೊಳ್ಳಬಹುದು. ಬಿಡಿಸಿಕೊಂಡುದನ್ನು ಯಾರಿಗೆ ಬೇಕಾದರೂ ಮಾರಬಹುದು. ಲಂಡನ್ನಿನಲ್ಲಿಯೋ ಎಡಿನ್‌ಬರೋದಲ್ಲಿಯೋ ದುಡಿದು ಹಣ ಕೂಡಿಸಿದವರೊಡನೆ ದ್ವೀಪದ ದಾದಿಯೊ ಉಪಾಧ್ಯಾಯನೊ ಮೀನುಗಾರನೊ ಹರಾಜಿನಲ್ಲಿ ಸ್ಪರ್ಧಿಸಬಲ್ಲನೆ? ಹೀಗೆ ಕೈಬದಲಾಯಿಸಿದ ಮನೆಗಳಲ್ಲಿ ಎಷ್ಟೋ ಮನೆಗಳು ಬೇಸಗೆಯ ಬಿಡಾರಗಳಾಗುತ್ತವೆ. ವಾರಕ್ಕೊಂದು ಸಂಸಾರ ಬರುತ್ತದೆ, ಹೋಗುತ್ತದೆ. ನವೆಂಬರ್ ಬಂತೆಂದರೆ ಕಿಟಕಿಗಳು ಕತ್ತಲಾಗುತ್ತವೆ.

ಸರ್ಕಾರ ಕಣ್ಣು ಮುಚ್ಚಿ ಕುಳಿತಿದೆಯೆಂದು ಹೇಳಲಾಗದು. ಅಲ್ಪಾವಧಿಗೆ ಬಾಡಿಗೆ ಕೊಡುವ ಪ್ರತಿಯೊಂದು ಮನೆಗೂ ಪರವಾನಗಿ ಬೇಕೆಂಬ ನಿಯಮವನ್ನು ಸ್ಕಾಟ್ಲೆಂಡಿನ ಸರ್ಕಾರ 2022ರಲ್ಲಿ ತಂದಿತು. ಮೊದಲಿನಿಂದ ಬಾಡಿಗೆ ಕೊಡುತ್ತಿದ್ದವರು ಅರ್ಜಿ ಹಾಕಲು 2023ರ ಅಕ್ಟೋಬರ್ 1ರವರೆಗೆ ಅವಧಿ ಇತ್ತು. 2024ರ ಏಪ್ರಿಲ್‌ನಿಂದ, ಎರಡನೆಯ ಮನೆಗಳ ಮೇಲಿನ ತೆರಿಗೆಯನ್ನು ದುಪ್ಪಟ್ಟು ಮಾಡುವ ಅಧಿಕಾರ ಸ್ಥಳೀಯ ಮಂಡಳಿಗಳಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ, ಎರಡನೆಯ ಮನೆಯನ್ನು ಕೊಳ್ಳುವವರು ತೆರಬೇಕಾದ ಹೆಚ್ಚುವರಿ ಸುಂಕವನ್ನು ಬೆಲೆಯ ಶೇಕಡಾ 6ರಿಂದ 8ಕ್ಕೆ ಏರಿಸಲಾಯಿತು.

ಈ ಕ್ರಮಗಳ ಉದ್ದೇಶ ಒಳ್ಳೆಯದೇ. ಆದರೆ ಪರವಾನಗಿಯ ನಿಬಂಧನೆಗಳನ್ನು ಓದಿ ನೋಡಿದರೆ, ಅವು ಮುಖ್ಯವಾಗಿ ಅತಿಥಿಯ ಕ್ಷೇಮವನ್ನು ಕುರಿತವು ಎಂಬುದು ವೇದ್ಯವಾಗುತ್ತದೆ. ಬೆಂಕಿಯ ಎಚ್ಚರಿಕೆಯ ಗಂಟೆ ಇದೆಯೆ, ಅನಿಲದ ಒಲೆಯನ್ನು ಪರೀಕ್ಷಿಸಲಾಗಿದೆಯೆ, ಎಷ್ಟು ಜನ ಮಲಗಬಹುದು ಎಂಬುವೇ ಅದರ ಪ್ರಶ್ನೆಗಳು. ನಾನು ಬರದಿದ್ದರೆ ಈ ಮನೆಯಲ್ಲಿ ಯಾರು ಇರುತ್ತಿದ್ದರು ಎಂಬುದನ್ನು ಅದು ಕೇಳುವುದಿಲ್ಲ. ದುಪ್ಪಟ್ಟು ತೆರಿಗೆಯದೂ ಒಂದು ವಿಚಿತ್ರ. ವರ್ಷಕ್ಕೆ 140 ರಾತ್ರಿ ಬಾಡಿಗೆಗೆ ತೆರೆದಿಟ್ಟು, 70 ರಾತ್ರಿಯಾದರೂ ನಿಜವಾಗಿ ಬಾಡಿಗೆಗೆ ಕೊಟ್ಟ ಮನೆಯನ್ನು ವ್ಯಾಪಾರವೆಂದು ಎಣಿಸುವುದರಿಂದ ಅದು ಮನೆ ತೆರಿಗೆಯ ಕಕ್ಷೆಯಿಂದಲೇ ಹೊರಕ್ಕೆ ಹೋಗುತ್ತದೆ. ಸಣ್ಣ ವ್ಯಾಪಾರಗಳಿಗಿರುವ ರಿಯಾಯಿತಿಯೂ ಅದಕ್ಕೆ ದೊರೆಯಬಹುದು. ವರ್ಷಕ್ಕೆ ನಾಲ್ಕು ವಾರ ಬಂದುಹೋಗುವ ಯಜಮಾನನಿಗೆ ದಂಡ, ಬೇಸಗೆಯೆಲ್ಲ ಬಾಡಿಗೆ ಎಣಿಸುವವನಿಗೆ ವಿನಾಯಿತಿ! ಊರಿಗೆ ಇಬ್ಬರ ಮನೆಯೂ ಒಂದೇ: ಚಳಿಗಾಲದಲ್ಲಿ ಎರಡರಲ್ಲೂ ದೀಪವಿಲ್ಲ.

ಹಾಗೆಂದು ಪ್ರವಾಸಿಯೇ ಶತ್ರುವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಕ್ರಾಫ್ಟಿನ ಆದಾಯದಿಂದಲೇ ಸಂಸಾರ ನಡೆದ ಕಾಲ ಎಂದೂ ಇರಲಿಲ್ಲ. ಜೇಮ್ಸ್ ಹಂಟರ್ ಅವರು ಕ್ರಾಫ್ಟರುಗಳ ಚರಿತ್ರೆಯನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥವು ಇದನ್ನು ವಿಶದಪಡಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಕಡಲಪಾಚಿಯನ್ನು ಸುಟ್ಟು ಆ ಕ್ಷಾರವನ್ನು ಗಾಜು ಸಾಬೂನುಗಳ ತಯಾರಿಕೆಗೆ ಮಾರುವುದು ಲಾಭಕರವಾಗಿತ್ತು. ಕೂಲಿಗಾಗಿ ಜನ ಕಡಲಿಗಿಳಿಯಲೇಬೇಕೆಂದು ಜಮೀನುದಾರರು ಬೇಕೆಂತಲೇ ಹಿಡುವಳಿಗಳನ್ನು ಕಿರಿದುಮಾಡಿದರು. ನೆಪೋಲಿಯನ್ನನ ಯುದ್ಧಗಳು ಮುಗಿದು ಹೊರಗಿನ ಅಗ್ಗದ ಕ್ಷಾರ ಬಂದಮೇಲೆ ಆ ವ್ಯಾಪಾರ ಕುಸಿಯಿತು. ನಿನ್ನೆಯವರೆಗೆ ಬೇಕಾಗಿದ್ದ ಜನ ಇಂದು ಹೊರೆಯಾದರು. ಇಂದಿನ ಕಡಲಪಾಚಿ ಪ್ರವಾಸಿ. ಅವನಿಂದಲೇ ಎಷ್ಟೋ ಒಲೆಗಳು ಉರಿಯುತ್ತವೆಂಬುದು ನಿಜ. 2020ರ ಸಾಂಕ್ರಾಮಿಕದಲ್ಲಿ ಒಂದೇ ವಾರದಲ್ಲಿ ಅವನು ಮಾಯವಾದುದೂ ಅಷ್ಟೇ ನಿಜ. ಅಂಗಡಿಗೂ ಆಸ್ಪತ್ರೆಗೂ ಶಾಲೆಗೂ ವರ್ಷವಿಡೀ ದುಡಿಯುವ ಜನ ಬೇಕು; ಅವರಿಗೆ ಮನೆ ಇಲ್ಲದಿದ್ದರೆ ಪ್ರವಾಸಿಯ ಹಾಸಿಗೆಯನ್ನು ಹಾಸುವವರು ಕೂಡ ಸಿಗುವುದಿಲ್ಲ.

ಇನ್ನು ಭಾಷೆಯ ಪ್ರಶ್ನೆ. ಇದು ಕನ್ನಡಿಗರಾದ ನಮಗೆ ಬೇಗ ಅರ್ಥವಾಗಬೇಕಾದ ವಿಷಯ. ಸ್ಕೈ, ಗೇಲಿಕ್ ಭಾಷೆಯ ನಾಡು. ದ್ವೀಪದ ದಕ್ಷಿಣದಲ್ಲಿ 1973ರಲ್ಲಿ ಸ್ಥಾಪಿತವಾದ ಗೇಲಿಕ್ ಕಾಲೇಜು ಇದೆ. ಪೋರ್ಟ್ರೀಯಲ್ಲಿ ಗೇಲಿಕ್ ಮಾಧ್ಯಮದ ಪ್ರಾಥಮಿಕ ಶಾಲೆ 2018ರಿಂದ ಸ್ವಂತ ಕಟ್ಟಡದಲ್ಲಿ ನಡೆಯುತ್ತಿದೆ. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್‌ಗೆ ಅಧಿಕೃತ ಭಾಷೆಯ ಸ್ಥಾನವನ್ನು ಕೊಡುವ ಶಾಸನವನ್ನು ಅಂಗೀಕರಿಸಿತು. ಸಂತೋಷದ ಸಂಗತಿ. ಆದರೆ ಸ್ಕೈಯ ಉತ್ತರದಲ್ಲಿರುವ ಸ್ಟಾಫಿನ್ ಪ್ರದೇಶವನ್ನೂ ಪಶ್ಚಿಮದ ದ್ವೀಪಗಳನ್ನೂ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗೇಲಿಕ್ ಊರಿನ ಆಡುಭಾಷೆಯಾಗಿ ಇನ್ನೊಂದು ದಶಕ ಬಾಳುವುದೂ ಸಂದೇಹವೆಂದು ಎಚ್ಚರಿಸಿತು. ಶಾಸನವು ಭಾಷೆಗೆ ಸಿಂಹಾಸನ ಕೊಡಬಹುದು. ಅಜ್ಜಿಯ ಪಕ್ಕದ ಮನೆಯಲ್ಲಿ ಮೊಮ್ಮಗು ಇರುವಂತೆ ಮಾಡುವುದು ಬೇರೆಯ ಕೆಲಸ. ಮಗನಿಗೆ ಊರಿನಲ್ಲಿ ಮನೆ ಸಿಗದೆ ಅವನು ಗ್ಲಾಸ್ಗೋಗೆ ಹೋದರೆ ಶಾಲೆಯ ಗೇಲಿಕ್ ಪಾಠ ಯಾರ ಮಗುವಿಗೆ?

ದಾರಿಗಳಿಲ್ಲವೆಂದಲ್ಲ. ಅದೇ ಸ್ಟಾಫಿನ್‌ನಲ್ಲಿ ಊರಿನವರೇ ಕಟ್ಟಿಕೊಂಡ ಸಂಸ್ಥೆಯೊಂದು ಇತರರ ನೆರವಿನಿಂದ, ವರ್ಷವಿಡೀ ವಾಸಿಸುವವರಿಗಾಗಿ ಆರು ಮನೆಗಳನ್ನು ಕಟ್ಟಿಸಿತು. ಸಂಖ್ಯೆ ಅಲ್ಪ. ಆದರೆ ಚಿಕ್ಕ ಊರಿನಲ್ಲಿ ಆರು ಸಂಸಾರ ಉಳಿದರೆ ಶಾಲೆಯ ಬಾಗಿಲು ತೆರೆದಿರಬಲ್ಲದು. ಸ್ಕೈಯ ದಕ್ಷಿಣಕ್ಕಿರುವ ಎಗ್ ಎಂಬ ಪುಟ್ಟ ದ್ವೀಪವನ್ನು ಅಲ್ಲಿನ ನಿವಾಸಿಗಳು 1997ರಲ್ಲಿ ಜಮೀನುದಾರನಿಂದ ಕೊಂಡುಕೊಂಡರು. ಆಗ ಅಲ್ಲಿದ್ದವರು ಸುಮಾರು 65 ಮಂದಿ. ಈಗ ನೂರನ್ನು ಮೀರಿದ್ದಾರೆ. 2008ರಿಂದ ನೀರು, ಗಾಳಿ, ಬಿಸಿಲುಗಳಿಂದ ತಮ್ಮ ವಿದ್ಯುತ್ತನ್ನು ತಾವೇ ಮಾಡಿಕೊಳ್ಳುತ್ತಿದ್ದಾರೆ. ಪ್ರವಾಸಿಗಳು ಅಲ್ಲಿಗೂ ಹೋಗುತ್ತಾರೆ. ಆದರೆ ನೆಲ ಯಾರಿಗೆ ಎಂಬುದನ್ನು ನಿರ್ಧರಿಸುವವರು ಆ ನೆಲದ ಮೇಲಿರುವವರು.

ಇಷ್ಟನ್ನೆಲ್ಲ ನಾನು ಮನೆಯಲ್ಲಿ ಹೇಳಿದಾಗ ಮಗಳು, “ಅಪ್ಪ, ನಾವು ಒಂದು ವಾರ ಹೋಗದಿದ್ದರೆ ಆ ಮೂವರಿಗೆ ಮನೆ ಸಿಕ್ಕಿಬಿಡುತ್ತದೆಯೆ?” ಎಂದು ಕೇಳಿದಳು. ಸಿಗುವುದಿಲ್ಲ, ನಾನು ಒಪ್ಪಿದೆ. ಆದರೂ ಗಾಜಿನ ಗೋಡೆಯ ಮನೆಯನ್ನು ಬಿಟ್ಟು, ಪಟ್ಟಿಯಲ್ಲಿದ್ದ ನಾಲ್ಕಾರು ಮನೆಗಳವರಿಗೆ ಒಂದೇ ಪ್ರಶ್ನೆ ಬರೆದು ಕಳುಹಿಸಿದೆವು: ನಿಮ್ಮ ಮನೆಯಲ್ಲಿ ಚಳಿಗಾಲದಲ್ಲಿ ದೀಪ ಉರಿಯುತ್ತದೆಯೆ? ಇಬ್ಬರು ಉತ್ತರಿಸಲಿಲ್ಲ. ಒಬ್ಬರು ವಿದ್ಯುತ್ತಿನ ವ್ಯವಸ್ಥೆ ಚೆನ್ನಾಗಿದೆಯೆಂದು ಆಶ್ವಾಸನೆ ಕೊಟ್ಟರು. ಒಬ್ಬ ಹೆಂಗಸು ಮಾತ್ರ ಪ್ರಶ್ನೆಯ ಇಂಗಿತವನ್ನು ಗ್ರಹಿಸಿ, ತಾವು ಪಕ್ಕದ ಮನೆಯಲ್ಲೇ ಇರುವುದಾಗಿಯೂ, ಬಾಡಿಗೆಗೆ ಕೊಡುವ ಚಿಕ್ಕ ಮನೆ ತಮ್ಮ ಕ್ರಾಫ್ಟಿನಲ್ಲೇ ಇದೆಯೆಂದೂ, ಚಳಿಗಾಲದಲ್ಲಿ ಅಲ್ಲಿ ಮಗ ವಾಸಿಸುವನೆಂದೂ ಬರೆದರು. ಒಲೆಯೂ ಇತ್ತು. ಪರವಾನಗಿಯ ಸಂಖ್ಯೆಯೂ ಸರಿಯಾಗಿತ್ತು. ಅಲ್ಲಿಗೇ ಹೋದೆವು.

ರಾತ್ರಿ ಹತ್ತು ಗಂಟೆಯಾದರೂ ಬೆಳಕು ಆರದ ಆ ಬೇಸಗೆಯ ಸಂಜೆ, ಅನ್ನಕ್ಕೆ ಇಟ್ಟು ನನ್ನಾಕೆ ಹಿತ್ತಿಲ ಕಡೆ ನೋಡುತ್ತಿದ್ದವಳು ನನ್ನನ್ನು ಕರೆದಳು. ಕುರಿದೊಡ್ಡಿಯ ಆಚೆ, ಗಾಳಿಗೆ ಹಾರಿಹೋಗದಂತೆ ಹಗ್ಗ ಬಿಗಿದು ಕಲ್ಲು ಕಟ್ಟಿದ ಹಳೆಯ ಬಂಡಿಮನೆಯೊಂದು ನಿಂತಿತ್ತು. ಅದರ ಮೆಟ್ಟಿಲ ಮೇಲೆ ಕುಳಿತು ತರುಣನೊಬ್ಬ ಬೂಟು ಬಿಚ್ಚುತ್ತಿದ್ದ. ಮರುದಿನ ಆ ತಾಯಿಯನ್ನು ಕೇಳಿದೆ. “ನನ್ನ ಮಗ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವನು ಅಲ್ಲಿರುತ್ತಾನೆ. ನೀವು ಕೊಡುವ ಬಾಡಿಗೆಯಿಂದಲೇ ಅವನು ಊರು ಬಿಡದೆ ಇರುವುದು,” ಎಂದರು. ಆ ಮಾತಿನಲ್ಲಿ ದೂರೂ ಇರಲಿಲ್ಲ, ಸಂಕೋಚವೂ ಇರಲಿಲ್ಲ.

ನಾನು ಆರಿಸಿದ ಮನೆ ಸರಿಯಾದುದೆಂಬ ಸಮಾಧಾನ ಆ ಕ್ಷಣಕ್ಕೆ ಅರ್ಧವಾಯಿತು. ಉಳಿದ ಅರ್ಧವನ್ನು ಇಟ್ಟುಕೊಂಡಿದ್ದೇನೆ. ಅಕ್ಟೋಬರ್ ಮೊದಲ ವಾರದಲ್ಲಿ ಆ ತಾಯಿಯಿಂದ ಮಗಳಿಗೆ ಎರಡು ಸಾಲಿನ ಪತ್ರ ಬಂತು: ಗಾಳಿ ಜೋರಾಗಿದೆ, ಮಗ ಮನೆಯೊಳಕ್ಕೆ ಬಂದಿದ್ದಾನೆ.