ಹೆಣ್ಣುಮಕ್ಕಳಿಗೂ ಬಯಲಿನಲ್ಲೊಂದು ದಿನ

ನಮ್ಮ ಸೀಮೆಯ ಹೆಂಗಸರು ಬಯಲನ್ನರಿಯದವರೆಂದು ಯಾರೂ ಹೇಳಲಾರರು. ಶಿಡ್ಲಘಟ್ಟದ ಸುತ್ತಣ ಹಳ್ಳಿಗಳಲ್ಲಿ ಹೊತ್ತು ಏರುವುದಕ್ಕೆ ಮುಂಚೆಯೇ ಹಿಪ್ಪುನೇರಳೆಯ ಸೊಪ್ಪನ್ನು ಕೊಯ್ದು ತಲೆಯ ಮೇಲೆ ಹೊತ್ತು ತರುವವರು ಹೆಂಗಸರು. ಚಿಂತಾಮಣಿಯ ಕಡೆ ಟೊಮಾಟೊ ಬಿಡಿಸುವವರೂ, ನಂದಿಯ ತಪ್ಪಲಿನಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ಗೊಂಚಲುಗಳನ್ನು ಕತ್ತರಿಸುವವರೂ, ಗೌರಿಬಿದನೂರಿನ ಹೊಲಗಳಲ್ಲಿ ಮುಸುಕಿನ ಜೋಳದ ತೆನೆ ಮುರಿಯುವವರೂ ಬಹುಮಟ್ಟಿಗೆ ಅವರೇ. ಹೀಗೆ ದುಡಿಮೆಗಾಗಿ ಬಯಲಿಗೆ ಹೊರಟ ಹೆಣ್ಣನ್ನು ತಡೆದು ಕೇಳುವವರಿಲ್ಲ. ಆದರೆ ಅದೇ ಹೆಣ್ಣು ಒಂದು ಭಾನುವಾರ ಬುತ್ತಿಯ ಡಬ್ಬಿಯನ್ನು ಹಿಡಿದು, ಇಬ್ಬರು ಗೆಳತಿಯರೊಡನೆ ಕೆರೆಯ ಏರಿಯ ಮೇಲೆ ಸುಮ್ಮನೆ ಕುಳಿತುಕೊಳ್ಳಲಿ. ದಾರಿಹೋಕರು ನಿಂತು ವಿಚಾರಿಸುವರು, ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುವುದು.

ಕೆಲಸವಿಲ್ಲದೆ ಬಯಲಿನಲ್ಲಿರುವ ಅಧಿಕಾರವು ನಮ್ಮ ಸಣ್ಣ ಪಟ್ಟಣಗಳಲ್ಲಿ ಇಂದಿಗೂ ಗಂಡಸರದೇ ಆಗಿರುವುದು. ಆಟದ ಬಯಲು ಹುಡುಗರದು; ಅರಳಿಕಟ್ಟೆ ಮುದುಕರದು; ಹೋಟೆಲಿನ ಮುಂದಣ ಬೆಂಚು ಮಿಕ್ಕವರದು. ಹುಡುಗಿಯ ಪಾಲಿಗೆ ಉಳಿದಿರುವುದು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಬರುವ ದಾರಿಯೊಂದೇ. ಇದು ನ್ಯಾಯವಲ್ಲವೆಂದೂ, ಪ್ರೌಢಶಾಲೆಯಲ್ಲಿ ಓದುವ ಪ್ರತಿಯೊಬ್ಬ ಹುಡುಗಿಯೂ ವರ್ಷದಲ್ಲಿ ಕೆಲವು ದಿನಗಳನ್ನಾದರೂ ಬೆಳಗಿನಿಂದ ಸಂಜೆಯವರೆಗೆ ತನ್ನ ತಾಲ್ಲೂಕಿನ ಬಯಲಿನಲ್ಲಿಯೇ ಕಳೆಯತಕ್ಕದ್ದೆಂದೂ ನನ್ನ ಅಭಿಪ್ರಾಯ.

ಹಿರಿಯರು ಇದಕ್ಕೆ ಹೇಳುವ ಉತ್ತರವು ನನಗೆ ಗೊತ್ತುಂಟು. "ನಮ್ಮಲ್ಲಿ ವನಭೋಜನವಿಲ್ಲವೆ? ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದಡಿಯಲ್ಲಿ ಉಂಡು ಬರುವುದಿಲ್ಲವೆ? ಶಿವರಾತ್ರಿಯಲ್ಲಿ ನಂದಿಯ ತೇರಿಗೆ ಹೆಂಗಸರು ಹೋಗುವುದಿಲ್ಲವೆ? ಕೈವಾರಕ್ಕೆ ಹೋಗುವರು, ಮುರುಗಮಲ್ಲದ ದರ್ಗಾಕ್ಕೆ ಹೋಗುವರು, ಇನ್ನೇನು ಬೇಕು?" ಎಂಬುದು ಅವರ ವಾದ. ಈ ಪದ್ಧತಿಗಳೆಲ್ಲ ಒಳ್ಳೆಯವೇ ಸರಿ. ವನಭೋಜನವನ್ನು ಏರ್ಪಡಿಸಿದ ಪೂರ್ವಿಕರು, ಹೆಂಗಸರಿಗೂ ಒಂದು ದಿನ ಒಲೆಯ ಹೊಗೆಯಿಂದ ಬಿಡುವು ಬೇಕೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ. ಆದರೆ ಈಗ ದೇವರ ನೆಪವಿದ್ದರೆ ಮಾತ್ರ ಬಾಗಿಲು ತೆರೆಯುವುದು, ನೆಪವಿಲ್ಲದಿದ್ದರೆ ಮುಚ್ಚಿಕೊಳ್ಳುವುದು. ಮನೆಯ ಹುಡುಗನಾದರೋ ಯಾವ ದೇವರ ಅಪ್ಪಣೆಯನ್ನೂ ಕಾಯದೆ ಚೆಂಡನ್ನು ಹಿಡಿದು ಹೊರಡುವನು.

ಆರೋಗ್ಯದ ವಿಷಯದಲ್ಲಿ ಬಹಳ ಹೇಳಬೇಕಾದುದಿಲ್ಲ. ಬಿಸಿಲೂ ಗಾಳಿಯೂ ಒಳ್ಳೆಯವೆಂಬುದನ್ನು ಎಲ್ಲರೂ ಒಪ್ಪುವರು. ಒಂದು ಸಂಗತಿಯನ್ನು ಮಾತ್ರ ತಂದೆತಾಯಿಗಳ ಗಮನಕ್ಕೆ ತರಬೇಕಾಗಿದೆ. ಚೀನಾದ ಗ್ವಾಂಗ್‌ಜೌ ನಗರದ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ವೈದ್ಯರು ಮೂರು ವರ್ಷ ಪರೀಕ್ಷೆ ನಡೆಸಿ, ಅದರ ಫಲವನ್ನು ೨೦೧೫ರಲ್ಲಿ ಪ್ರಕಟಿಸಿದರು. ಆರು ಶಾಲೆಗಳ ಮಕ್ಕಳನ್ನು ಶಾಲೆಯ ದಿನಗಳಲ್ಲಿ ೪೦ ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು; ಮಿಕ್ಕ ಆರು ಶಾಲೆಗಳಲ್ಲಿ ಎಂದಿನಂತೆಯೇ ನಡೆಯಿತು. ಎಂದಿನಂತೆ ನಡೆದ ಕಡೆ ನೂರಕ್ಕೆ ಸುಮಾರು ೪೦ ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿಯ ದೋಷವುಂಟಾಯಿತು. ಹೊರಗೆ ಬಿಟ್ಟ ಕಡೆ ನೂರಕ್ಕೆ ಸುಮಾರು ೩೦ ಮಕ್ಕಳಿಗೆ ಮಾತ್ರ. ಪುಸ್ತಕದಿಂದ ತಲೆಯೆತ್ತದ ಮಗಳನ್ನು ಕಂಡು ಹಿಗ್ಗುವವರು ಈ ಲೆಕ್ಕವನ್ನು ಒಮ್ಮೆ ಆಲೋಚಿಸಲಿ.

ಆದರೆ ನನ್ನ ಮುಖ್ಯವಾದ ಕಾರಣವು ಬೇರೆಯೇ ಇರುವುದು. ನಮ್ಮ ಹುಡುಗಿಯರು ತಮ್ಮ ನಾಡನ್ನು ಪುಸ್ತಕದಿಂದ ಬಲ್ಲರು, ಕಾಲಿನಿಂದ ಅರಿಯರು. ನಂದಿಯ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳು ಹುಟ್ಟುವುವೆಂದು ಅವರು ತಪ್ಪಿಲ್ಲದೆ ಒಪ್ಪಿಸುವರು. ಹೀಗೆ ಹುಟ್ಟಿದ ನದಿಯು ಗೌರಿಬಿದನೂರಿನ ಬಳಿ ವರ್ಷದ ಹೆಚ್ಚು ಭಾಗ ಬರಿಯ ಮರಳಾಗಿ ಏಕೆ ಬಿದ್ದಿರುವುದೆಂದು ಕೇಳಿದರೆ, ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಹಳ್ಳದ ಜಾಡನ್ನು ಹಿಡಿದು ಅರ್ಧ ದಿನ ನಡೆದವಳಿಗೆ ಅದು ತಾನಾಗಿ ಹೊಳೆಯುವುದು. ೪,೮೫೧ ಅಡಿ ಎತ್ತರದ ನಂದಿದುರ್ಗವನ್ನು ನೋಡುವುದಕ್ಕೆ ಬೆಂಗಳೂರಿನವರು ನಸುಕಿನಲ್ಲೆದ್ದು ಮೋಟಾರುಗಳ ಸಾಲುಕಟ್ಟಿ ಬರುವರು. ಕಾಯಿಲೆಯಿಂದ ಬಳಲಿದ್ದ ಗಾಂಧೀಜಿಯವರು ೧೯೨೭ರಲ್ಲಿ ಈ ಬೆಟ್ಟದ ಗಾಳಿಯಲ್ಲಿಯೇ ವಿಶ್ರಮಿಸಿ ಚೇತರಿಸಿಕೊಂಡರು. ೧೯೩೬ರಲ್ಲಿ ಮರಳಿ ಬಂದರು. ಬೆಟ್ಟದ ನೆರಳಿನಲ್ಲಿಯೇ ಹುಟ್ಟಿ ಬೆಳೆದ ಚಿಕ್ಕಬಳ್ಳಾಪುರದ ಹುಡುಗಿಯರಲ್ಲಿ ಅದನ್ನು ಏರಿದವರೆಷ್ಟು ಮಂದಿ? ಕೆಳಗೆ ನಂದಿಗ್ರಾಮದ ಭೋಗನಂದೀಶ್ವರನ ಗುಡಿಯ ಪ್ರಾಕಾರದಲ್ಲಿ, ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಒಂದು ಮಧ್ಯಾಹ್ನ ಕುಳಿತು ಕಲ್ಲುಕೆಲಸವನ್ನು ನಿಧಾನವಾಗಿ ನೋಡಿದವರೆಷ್ಟು ಮಂದಿ? ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯು ಕಾಲ್ನಡಿಗೆಗೆ ಎಟುಕದಷ್ಟು ದೂರವೇನೂ ಇಲ್ಲ.

ಇನ್ನು ವಿದುರಾಶ್ವತ್ಥ. ೧೯೩೮ರ ಏಪ್ರಿಲ್ ೨೫ರಂದು ಧ್ವಜ ಸತ್ಯಾಗ್ರಹಕ್ಕಾಗಿ ಅಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನೇಕರು ಪ್ರಾಣ ನೀಗಿದರು. ಮರದ ಕೆಳಗೆ, ತೋಪಿನ ನೆರಳಿನಲ್ಲಿ ಜನರು ಒಟ್ಟಾಗಿ ಕೂಡುವುದೇ ಅಂದಿನ ಸರ್ಕಾರದ ಕಣ್ಣಿಗೆ ಅಪರಾಧವಾಗಿ ಕಂಡಿತು. ವಿದುರನು ನೆಟ್ಟನೆಂದು ಜನರು ನಂಬಿದ್ದ ಹಳೆಯ ಅಶ್ವತ್ಥವು ೨೦೦೧ರಲ್ಲಿ ಉರುಳಿಬಿದ್ದಿತು. ನಾಗರಕಲ್ಲುಗಳ ಸಾಲೂ ಹುತಾತ್ಮರ ಸ್ಮಾರಕವೂ ಇರುವುವು. ಬಯಲಿನಲ್ಲಿ ಕೂಡುವುದು ಪ್ರಜೆಯ ಹಕ್ಕೆಂದು ಸಾಧಿಸಿಕೊಟ್ಟ ತಾಲ್ಲೂಕಿನಲ್ಲಿಯೇ ಆ ಹಕ್ಕು ಅರ್ಧ ಜನರಿಗೆ ಮಾತ್ರ ಸಲ್ಲುವುದಾದರೆ ಏನು ಹೇಳೋಣ?

ಹೋಗುವ ಅನುಕೂಲವಿಲ್ಲವೆನ್ನುವಂತಿಲ್ಲ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆಯು ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರು ಹಣವಿಲ್ಲದೆ ಪ್ರಯಾಣ ಮಾಡುವಂತಾಯಿತು. ಚೀಲದಲ್ಲಿ ಕಾಸಿಲ್ಲದವಳೂ ಚಿಂತಾಮಣಿಯಿಂದ ಕೈವಾರಕ್ಕೆ ಹೋಗಿ ಬರಬಹುದಾಯಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಬಸ್ಸಿಳಿದ ಮೇಲೆ ಎಲ್ಲಿ ಕುಳಿತುಕೊಳ್ಳಬೇಕು? ಅದಕ್ಕಿಂತ ಮುಖ್ಯವಾದುದನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ಶೌಚಕ್ಕೆ ಎಲ್ಲಿಗೆ ಹೋಗಬೇಕು? ಹೊರಗೆ ಹೊರಟ ದಿನ ಬೆಳಗಿನಿಂದ ನೀರನ್ನೇ ಕುಡಿಯದೆ ಬಾಯೊಣಗಿಸಿಕೊಂಡಿರುವ ಹುಡುಗಿಯರು ಎಷ್ಟೋ ಮಂದಿ ಇರುವರು. ತಾಯಂದಿರಿಗೆ ಇದು ತಿಳಿದ ಮಾತೇ. ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಿರಬೇಕೆಂದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸಿತು. ಶಾಲೆಯ ಗೋಡೆಯ ಹೊರಗೂ ಅವಳು ಹೆಣ್ಣೇ ಅಲ್ಲವೆ? ನಮ್ಮ ನಗರಸಭೆಗಳವರು ವೃತ್ತಗಳಲ್ಲಿ ಬಣ್ಣದ ದೀಪಗಳನ್ನೂ ಸ್ವಾಗತದ ಕಮಾನುಗಳನ್ನೂ ನಿಲ್ಲಿಸುವುದಕ್ಕೆ ಮುಂಚೆ, ಪ್ರತಿಯೊಂದು ಪಟ್ಟಣದಲ್ಲಿಯೂ ಕೆರೆಯ ಏರಿಯ ಬಳಿ ನಾಲ್ಕು ಹೊಂಗೆಯ ಮರಗಳನ್ನೂ, ಕೆಳಗೆ ಕಲ್ಲುಹಾಸನ್ನೂ, ಬೀಗ ಹಾಕದ ಒಂದು ಶುಚಿಯಾದ ಶೌಚಾಲಯವನ್ನೂ ಏರ್ಪಡಿಸಲಿ.

"ಕಾಲವು ಕೆಟ್ಟಿದೆ, ಏನಾದರೂ ಅಪಾಯವಾದರೆ?" ಎಂಬ ತಂದೆಯ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಒಂಟಿಯಾಗಿ ಹೋಗೆಂದು ನಾನು ಯಾವ ಹುಡುಗಿಗೂ ಹೇಳುವುದಿಲ್ಲ. ಆದರೆ ಅಪಾಯದ ಅಂಜಿಕೆಯಿಂದ ಹೆಂಗಸರೆಲ್ಲರೂ ಮನೆಯಲ್ಲಿ ಕುಳಿತರೆ ಬಯಲು ಇನ್ನಷ್ಟು ನಿರ್ಜನವಾಗಿ, ಅಪಾಯವು ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಹತ್ತು ಮಂದಿ ಹುಡುಗಿಯರೂ ಇಬ್ಬರು ಉಪಾಧ್ಯಾಯಿನಿಯರೂ ತಿಂಗಳಿಗೊಮ್ಮೆ ಕುಳಿತೇಳುವ ಸ್ಥಳದಲ್ಲಿ ಹನ್ನೊಂದನೆಯವಳಿಗೆ ತಾನಾಗಿ ಧೈರ್ಯ ಬರುವುದು. ಇನ್ನು ಹತ್ತನೆಯ ತರಗತಿಯವರಿಗೆ ಭಾನುವಾರವೂ ವಿಶೇಷ ಪಾಠವಿಟ್ಟು, ಅದೇ ಶ್ರದ್ಧೆಯೆಂದು ತಿಳಿದಿರುವವರಲ್ಲಿ ನನ್ನ ಬಿನ್ನಹವಿಷ್ಟೆ: ತಿಂಗಳಿಗೆ ಒಂದು ಭಾನುವಾರವನ್ನು ಹಿಂದಕ್ಕೆ ಕೊಡಿರಿ.

ಕಾರ್ತಿಕದಿಂದ ಸಂಕ್ರಾಂತಿಯವರೆಗೆ ನಮ್ಮ ಕಡೆ ಹಗಲು ಹಿತವಾಗಿರುವುದು. ಸೊಗಡಿನ ಅವರೆಯೂ ಆಗಲೇ ಬರುವುದು. ಬುತ್ತಿಗೆ ಚಿತ್ರಾನ್ನವೂ ಮೊಸರನ್ನವೂ ಸಾಕು. ಭಾರಿ ಅಡಿಗೆ ಮಾಡಹೊರಟರೆ ವನವಿಹಾರವು ಮತ್ತೊಂದು ಅಡಿಗೆಮನೆಯಾಗಿ, ಹುಡುಗಿಯರಿಗೆ ಪಾತ್ರೆ ತೊಳೆಯುವುದೇ ಉಳಿಯುವುದು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಕಂದವಾರದ ಕೆರೆಯು ಈಚಿನ ವರ್ಷಗಳಲ್ಲಿ ತುಂಬಿದುದು ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡಿ ಹೆಬ್ಬಾಳ ನಾಗವಾರದ ಕಡೆಯಿಂದ ಹರಿಸಿದ ನೀರಿನಿಂದ; ಅದು ಕಣ್ಣಿಗೆ ತಂಪು, ಬಾಯಿಗಲ್ಲ. ಮೊಬೈಲ್ ಫೋನು ಉಪಾಧ್ಯಾಯಿನಿಯರ ಕೈಯಲ್ಲಿ ಒಂದಿರಲಿ. ಹಾಡು, ಓಟ, ಲಗೋರಿ ಇವೆಲ್ಲ ಇರಲಿ. ಏನನ್ನೂ ಮಾಡದೆ ಮರಕ್ಕೊರಗಿ ಕುಳಿತವಳನ್ನು ಯಾರೂ ಎಬ್ಬಿಸದಿರಲಿ.

ವರ್ಷಕ್ಕೊಮ್ಮೆಯಾದರೂ ತಾಯಂದಿರನ್ನು ಜೊತೆಗೆ ಕರೆಯಬೇಕೆಂಬುದು ನನ್ನ ಕಡೆಯ ಸೂಚನೆ. ಅವರಿಗೆ ಬಿಡುವೆಲ್ಲಿ ಎನ್ನುವಿರಿ. ರೇಷ್ಮೆ ಸಾಕುವ ಮನೆಗಳಲ್ಲಿ ಒಂದು ಉಪಾಯವುಂಟು. ಹುಳುವು ಗೂಡು ಕಟ್ಟುವುದರೊಳಗಾಗಿ ನಾಲ್ಕು ಸಲ ಜ್ವರಕ್ಕೆ ಕೂಡುವುದು; ಆಗ ಸುಮಾರು ಒಂದು ಹಗಲು ಒಂದು ರಾತ್ರಿ ಅದು ಸೊಪ್ಪನ್ನು ಮುಟ್ಟುವುದಿಲ್ಲ. ಯಾವ ಮನೆಯಲ್ಲಿ ಹುಳು ಎಂದು ಜ್ವರಕ್ಕೆ ಕೂಡುವುದೆಂದು ಹುಡುಗಿಯರು ಮುಂಚಿತವಾಗಿಯೇ ತಾಯಂದಿರನ್ನು ಕೇಳಿ ಬರೆದುಕೊಂಡು ಬರಲಿ. ಹೆಚ್ಚು ಮನೆಗಳಿಗೆ ಹೊಂದುವ ದಿನವನ್ನು ಗೊತ್ತುಮಾಡಿ, ಆ ದಿನದ ಬಸ್ಸಿನ ಹೊತ್ತನ್ನು ವಿಚಾರಿಸಿದರಾಯಿತು.