ಬುಲೆಟ್ಟೋ, ಯೆಜ್ದಿಯೋ? ಗಡಿಯಲ್ಲಿ ಕೂತು ಒಂದು ಲೆಕ್ಕ



2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅಂದಿನಿಂದ ಆಲೂರು, ಆದೋನಿ ಕಡೆಯ ನಮ್ಮ ಹುಡುಗರ ಬಾಯಲ್ಲಿ ಇದೇ ಮಾತು: ಬುಲೆಟ್ ತಗೊಳ್ಳೋದೋ, ಯೆಜ್ದಿಯೋ?

ಮೊದಲು ಬೆಲೆ. ತೆರಿಗೆಗೆ ಮುಂಚೆ 1,50,000 ರೂಪಾಯಿ ಇರುವ ಬೈಕು ಹಿಂದೆ 1,92,000 ಆಗುತ್ತಿತ್ತು, ಈಗ 1,77,000. ಉಳಿತಾಯ 15,000. ಬುಲೆಟ್ 349 ಸಿಸಿ, ಯೆಜ್ದಿ 334 ಸಿಸಿ. ಎರಡಕ್ಕೂ ಒಂದೇ ರಿಯಾಯಿತಿ. ಆದರೆ 350 ದಾಟಿದ ಬೈಕಿಗೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಗಿದೆ. ರಾಯಲ್ ಎನ್‌ಫೀಲ್ಡ್‌ನ 450, 650ರ ಮೇಲೆ ಕಣ್ಣಿಟ್ಟವರು ಇದನ್ನು ಗಮನಿಸಬೇಕು.

ಇನ್ನು ಮನಸ್ಸಿನ ಸೆಳೆತ. ಜಾವಾ, ಯೆಜ್ದಿ ಎಂದರೆ ನಮ್ಮ ವಯಸ್ಸಿನವರಿಗೆ ಮೈಸೂರು. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1996ರವರೆಗೆ ನಡೆಯಿತು. ಆದರೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಮರಳಿದಾಗ ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಬುಲೆಟ್ 1955ರಿಂದಲೂ ಮದ್ರಾಸಿನದೇ. ಹಾಗಾಗಿ ಮೈಸೂರಿನ ಗಾಡಿ ಎಂಬ ಒಂದೇ ಅಭಿಮಾನಕ್ಕೆ ಕಂತು ಕಟ್ಟುವುದು ಬೇಡ. ಹತ್ತಿರದಲ್ಲಿ ಸರ್ವಿಸ್ ಎಲ್ಲಿದೆ, ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ, ಐದು ವರ್ಷದ ಮೇಲೆ ಮಾರಿದರೆ ಎಷ್ಟು ಬರುತ್ತದೆ ಎಂದು ವಿಚಾರಿಸಿ. ಬುಲೆಟ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಣ್ಣ ಊರಲ್ಲೂ ಸಿಗುತ್ತಾನೆ. ಅದರ ದೊಡ್ಡ ಬಲ ಅದೇ.

ಗಡಿಯವರಾದ ನಮಗೆ ಇನ್ನೊಂದು ಮಾತಿದೆ. ಬಳ್ಳಾರಿಯ ನೆಂಟರ ವಿಳಾಸ ಕೊಟ್ಟು ಕೆಎ-34 ನಂಬರ್ ಮಾಡಿಸುವ ಆಸೆ ಕೆಲವರಿಗೆ. ಕರ್ನಾಟಕದಲ್ಲಿ ಲಕ್ಷ ದಾಟಿದ ಬೈಕಿಗೆ ಜೀವಾವಧಿ ತೆರಿಗೆ ಶೇ 18. ಆಂಧ್ರದಲ್ಲಿ ಅದಕ್ಕಿಂತ ಕಡಿಮೆ. ವಾಹನ ಎಲ್ಲಿ ಇಟ್ಟು ಓಡಿಸುತ್ತೀರೋ ಅಲ್ಲೇ ನೋಂದಣಿ ಆಗಬೇಕೆಂಬುದು ಕಾನೂನು. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಹೆಚ್ಚು ದುಡ್ಡು ಕೊಟ್ಟು ತೊಂದರೆ ಕೊಂಡಂತೆ ಆಗುತ್ತದೆ. ಕನ್ನಡದ ಅಭಿಮಾನ ಮನೆಮಾತಿನಲ್ಲಿರಲಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವುದರಲ್ಲಿರಲಿ. ನಂಬರ್ ಪ್ಲೇಟಿನಲ್ಲಿ ಬೇಕಿಲ್ಲ.

ಹತ್ತಿ ಮಾರಿದ ದುಡ್ಡು ಕೈಗೆ ಬರುವ ಮೊದಲೇ ಸಾಲಕ್ಕೆ ಸಹಿ ಹಾಕಬೇಡಿ ಎಂದು ಹುಡುಗರಲ್ಲಿ ನಮ್ಮ ವಿನಂತಿ. ಎರಡೂ ಷೋರೂಮಿನಿಂದ ಆನ್‌ರೋಡ್ ಬೆಲೆಯ ಕೊಟೇಶನ್ ಬರೆಸಿಕೊಂಡು ಸಂಘದ ಮುಂದಿನ ಸಭೆಗೆ ತನ್ನಿ. ಬಡ್ಡಿ, ವಿಮೆ ಸೇರಿಸಿ ಒಟ್ಟು ಎಷ್ಟಾಗುತ್ತದೆ ಎಂದು ಕೂತು ಲೆಕ್ಕ ಹಾಕೋಣ.

— ಕಾರ್ಯದರ್ಶಿ