ಓಣಿಯ ಕಟ್ಟೆಯೂ ಕೂಸಿನ ಪಾಲನೆಯೂ

ಪದವಿ ತರಗತಿಯ ಗಂಡುಹುಡುಗನೊಬ್ಬ ಕೂಸು ಸಾಕುವ ವಿಷಯವಾಗಿ ಲೇಖನ ಬರೆಯಹೊರಟರೆ ಸಹಪಾಠಿಗಳು ನಗದೆ ಬಿಡುವರೇ? ನಕ್ಕರು. “ಇದು ಹೆಂಗಸರ ಮಾತಪಾ, ನಿನಗ್ಯಾಕ ಬೇಕು?” ಎಂದರು. ಅವರನ್ನು ನಾನು ದೂರಲಾರೆ. ಕಳೆದ ಬೇಸಗೆಯವರೆಗೆ ನಾನೂ ಹಾಗೆಯೇ ನಗುತ್ತಿದ್ದವನು.

ನಮ್ಮ ಊರು ತಿಕೋಟಾ. ಆಗ ಅಕ್ಕ ತವರಿಗೆ ಬಂದಿದ್ದಳು. ಅವಳ ಕೂಸಿಗೆ ಎಂಟು ತಿಂಗಳು. ಒಂದು ಮುಂಜಾನೆ ಕೂಸಿಗೆ ಭೇದಿ ಹತ್ತಿತು. ಮಧ್ಯಾಹ್ನದೊಳಗಾಗಿ ಕಣ್ಣು ಗುಳಿಬಿದ್ದವು; ಅತ್ತರೆ ಕಣ್ಣೀರು ಬಾರದು. “ನೀರ ಕುಡಿಸಿದ್ರ ಇನ್ನಷ್ಟು ಹರೀತೈತಿ, ಮೊಲಿನೂ ಕೊಡಬ್ಯಾಡ” ಎಂದಳು ಆಯಿ. ಆರು ಮಕ್ಕಳನ್ನು ಹೆತ್ತು ಸಾಕಿದವಳ ಮಾತನ್ನು ಮೀರುವ ಧೈರ್ಯ ಯಾರಿಗಿತ್ತು? ನಾನಂತೂ ಅರ್ಥಶಾಸ್ತ್ರದ ಪುಸ್ತಕ ಹಿಡಿದು ಸುಮ್ಮನೆ ಕುಳಿತಿದ್ದೆ.

ಆಗ ಸುದ್ದಿ ಕೇಳಿ ಬಂದವಳು ನಮ್ಮ ಓಣಿಯವಳೇ, ದ್ರಾಕ್ಷಿ ತೋಟದ ಕೂಲಿಗೆ ಹೋಗುವ ಹೆಂಗಸು. ಕೈಯಲ್ಲಿ ಆಶಾ ಕಾರ್ಯಕರ್ತೆ ಕೊಟ್ಟಿದ್ದ ಓ.ಆರ್.ಎಸ್. ಪೊಟ್ಟಣ. “ಆಯಿ, ಹಿಂಗ ನೀರ ನಿಲ್ಲಿಸಿ ನಾನು ಒಂದು ಕೂಸ ಕಳಕೊಂಡೀನ್ರಿ” ಎಂದಳು, ಅಷ್ಟೇ. ಆಯಿ ಬಾಯಿ ಮುಚ್ಚಿದಳು.

ಆ ಹೆಂಗಸು ಕಲಿಸಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾದೀತು. ಕುದಿಸಿ ಆರಿಸಿದ ನೀರು ಸರಿಯಾಗಿ ೧ ಲೀಟರು. ಅದಕ್ಕೆ ಪೊಟ್ಟಣವನ್ನು ಪೂರ್ತಿಯಾಗಿ ಸುರಿಯಬೇಕು. ಅಂದಾಜಿನ ಮೇಲೆ ಅರ್ಧ, ಕಾಲು ಹಾಕುವುದು ಕೂಡದು. ಬಾಟಲಿಯಿಂದಲ್ಲ, ಚಮಚದಿಂದ ಸ್ವಲ್ಪಸ್ವಲ್ಪವೇ ಕುಡಿಸಬೇಕು. ಕೂಸು ಕಾರಿಕೊಂಡರೆ ಹೆದರದೆ ೧೦ ನಿಮಿಷ ತಾಳಿ, ಮತ್ತೆ ಇನ್ನೂ ಮೆಲ್ಲಗೆ ಆರಂಭಿಸಬೇಕು. ಎದೆಹಾಲು ನಿಲ್ಲಿಸಬಾರದು. ಉಳಿದ ನೀರನ್ನು ಒಂದು ದಿನ ಕಳೆದ ಮೇಲೆ ಚೆಲ್ಲಬೇಕು. ಇಷ್ಟೆಲ್ಲ ಹೇಳಿ, “ಕಣ್ಣು ಹಿಂಗ ಗುಳಿಬಿದ್ದ ಮ್ಯಾಲೆ ಮನ್ಯಾಗ ಕುಂದರಬ್ಯಾಡ್ರಿ, ಕುಡಸಕೋತ ದವಾಖಾನಿಗೆ ನಡೀರಿ” ಎಂದು ಎಬ್ಬಿಸಿದಳು. ಕೂಸು ಉಳಿಯಿತು. ವೈದ್ಯರು ೧೪ ದಿನದ ಸತುವಿನ ಮಾತ್ರೆ ಬರೆದುಕೊಟ್ಟು, ದಾರಿಯುದ್ದಕ್ಕೂ ಕುಡಿಸಿದವರು ಯಾರೆಂದು ಕೇಳಿದರು.

ಮನೆಯವರ ಕೈಯಿಂದಲೇ ಈ ಕೆಲಸವಾಗಬಲ್ಲುದೆಂಬುದಕ್ಕೆ ದೊಡ್ಡ ನಿದರ್ಶನವೊಂದಿದೆ. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನು ಸಾಲದಾದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸು ಬೆರೆಸಿದ ನೀರನ್ನು ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಅಲ್ಲಿ ನೂರಕ್ಕೆ ೩೦ರಷ್ಟಿದ್ದ ಸಾವು ೪ಕ್ಕಿಂತ ಕೆಳಗಿಳಿಯಿತು.

ಅಂಗನವಾಡಿ ಯೋಜನೆ ಆರಂಭವಾದದ್ದು ೧೯೭೫ರಲ್ಲಿ. ಗೋಡೆಗಳ ಮೇಲೆ ಚಿತ್ರಗಳಿವೆ, ಬರಹಗಳಿವೆ. ಆಯಿ ಅವುಗಳ ಮುಂದೆಯೇ ಎಷ್ಟು ಸಲ ಹಾದುಹೋಗಿದ್ದಾಳೋ! ಗೋಡೆ ಹೇಳಿದ್ದನ್ನು ಕೇಳದವಳು ಕೂಸು ಕಳೆದುಕೊಂಡ ತಾಯಿ ಹೇಳಿದ್ದನ್ನು ಕೇಳಿದಳು. ಬಬಲೇಶ್ವರದ ನಮ್ಮ ಅತ್ತೆಯೂ ಹಾಗೆಯೇ. ಆರು ತಿಂಗಳು ತುಂಬಿದ ಕೂಸಿಗೆ ಜೋಳದ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಹಾಕಿ, ಬೆರಳಿನಿಂದ ಎಷ್ಟು ನುಣ್ಣಗೆ ಹಿಸುಕಬೇಕೆಂಬುದನ್ನು ಅವಳು ಕೈಹಿಡಿದು ತೋರಿಸಿದಳೇ ಹೊರತು ಬಾಯಿಂದ ಹೇಳಲಿಲ್ಲ. ಅದು ಯಾವ ಪುಸ್ತಕದಲ್ಲಿ ಸಿಕ್ಕೀತು?

ಹಾಗೆಂದು ಕಟ್ಟೆಯ ಮಾತೆಲ್ಲ ಸತ್ಯವೆಂದು ನಾನು ವಾದಿಸುವುದಿಲ್ಲ. ಗೋಳಗುಮ್ಮಟದಲ್ಲಿ ಸರಿಯಾದ ಮಾತಷ್ಟೇ ಮಾರ್ದನಿಗೊಡುತ್ತದೆಯೇ? ತಪ್ಪು ಮಾತೂ ಅಷ್ಟೇ ಸಲ ತಿರುಗಿ ಬರುತ್ತದೆ. ಹುಟ್ಟಿದ ಕೂಸಿನ ಬಾಯಿಗೆ ಜೇನು ಸವರುವುದು, ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕೊಡದಿರುವುದು: ಇವೂ ಕಟ್ಟೆಯಿಂದಲೇ ಬಂದವು. ವರುಷ ತುಂಬದ ಕೂಸಿಗೆ ಜೇನು ಅಪಾಯ. ಆ ಮೊದಲ ಹಾಲೋ, ಕೂಸಿಗೆ ರೋಗ ತಡೆಯುವ ಬಲ ಕೊಡುವಂಥದು. ಆದರೆ ಕಟ್ಟೆಯಲ್ಲಿ ಬೇರೂರಿದ್ದನ್ನು ಕಟ್ಟೆಯಲ್ಲಿಯೇ ಕೀಳಬೇಕು. ವೇದಿಕೆಯ ಮೇಲಿನ ಭಾಷಣದಿಂದ ಅದು ಕೀಳಬರದು.

ಇನ್ನು ವಿಜಯಪುರದ ಹೊಸ ಬಡಾವಣೆಗಳಲ್ಲಿ ಕಟ್ಟೆಯೇ ಇಲ್ಲ. ಗಂಡ, ಹೆಂಡತಿ, ಕೂಸು, ಮುಚ್ಚಿದ ಬಾಗಿಲು. ನಡುರಾತ್ರಿ ಕೂಸು ಚೀರಿದರೆ ಅವರು ಯಾರನ್ನು ಕೇಳಬೇಕು?

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುತ್ತೇವೆ, ಸಸಿ ನೆಡುತ್ತೇವೆ. ಸಂಜೆ ಅತಿಥಿಗಳ ಉಪನ್ಯಾಸ. ಒಂದು ಸಂಜೆಯನ್ನಾದರೂ ಊರ ತಾಯಂದಿರಿಗೆ ಬಿಟ್ಟುಕೊಡಬಾರದೇಕೆ? ಅವರು ಹೇಳಲಿ, ತಪ್ಪಿದಲ್ಲಿ ತಿದ್ದಲು ಪಕ್ಕದಲ್ಲಿ ದಾದಿಯೊಬ್ಬರು ಕುಳಿತಿರಲಿ, ನಾವು ಬರೆದುಕೊಳ್ಳೋಣ. ಹುಡುಗರು ಮುಂದಿನ ಸಾಲಿನಲ್ಲಿ ಕೂಡ್ರಬೇಕೆಂಬುದು ನನ್ನ ಹಟ. ಇನ್ನು ಕೆಲವೇ ವರ್ಷಗಳಲ್ಲಿ ಮುಚ್ಚಿದ ಬಾಗಿಲಿನ ಒಳಗೆ ಇರುವವರು ನಾವೇ ಅಲ್ಲವೇ? ಅಧ್ಯಾಪಕ ಮಹನೀಯರು ಇದನ್ನು ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.

ಮೊನ್ನೆ ಊರಿಗೆ ಹೋದಾಗ ನೆರೆಮನೆಯ ಸೊಸೆ ಕೂಸನ್ನೆತ್ತಿಕೊಂಡು ನಮ್ಮ ಕಟ್ಟೆಗೆ ಬಂದಿದ್ದಳು. ಒಳಗೆ ಕುಳಿತಿದ್ದ ನನಗೆ ಆಯಿಯ ದನಿ ಕೇಳಿಸಿತು: “ಅರ್ಧ ಹಾಕಬ್ಯಾಡವಾ, ಪೊಟ್ಟಣ ಪೂರಾ ಹಾಕು. ನೀರ ಅಳದು ಹಾಕು.”